ಎಣ್ಣೆಗೈಯ ಮೇಲಿನ ಗುಮಾನಿ

ರಾಜೀವಿಯ ಒಂದು ತಿಂಗಳ ಸಂಬಳ ಇನ್ನೂ ಬಾಕಿ ಇದೆ. ಕೊಡಬೇಕಾದವನು ಬ್ಯಾಂಕಿನ ಮನುಷ್ಯ. ಊರವರ ಸಾಲ ವಸೂಲಿ ಮಾಡುವುದೇ ಅವನ ಕೆಲಸ. ಫೋನ್ ಮಾಡಿದರೆ ಎತ್ತುವುದಿಲ್ಲ, ಒಮ್ಮೆ ಎತ್ತಿದಾಗ "ಕೇಸ್ ಮುಗೀಲಿ" ಅಂದ. ಕೂಸಿಗೆ ಎಣ್ಣೆ ತಿಕ್ಕಿ ನೀರೆರೆದ ಕೂಲಿಗೂ ಪೊಲೀಸ್ ಕೇಸಿಗೂ ಎಲ್ಲಿಯ ಸಂಬಂಧ ಅಂತ ನಿಮಗೆ ಅನಿಸಬಹುದು. ಅದನ್ನು ಹೇಳಬೇಕಾದರೆ ಮೊದಲು ರಾಜೀವಿ ಯಾರು ಅಂತ ಹೇಳಬೇಕು.

ಕಾರ್ಕಳದ ಕಡೆಯ ಹೆಂಗಸು. ಗಂಡ ಶೀನ ನಾಶಿಕ್ ರೋಡ್ ಸ್ಟೇಷನ್ನಿನ ಹತ್ತಿರದ ಒಂದು ಶಾಕಾಹಾರಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಂತೇ ಅರ್ಧ ಆಯುಷ್ಯ ಕಳೆದವನು. ಹೋಟೆಲ್ ಕೆಲಸಗಾರರ ಯೂನಿಯನ್ ಕಟ್ಟುವ ಕಾಲದಲ್ಲಿ ಇಬ್ಬರೂ ನನಗೆ ಪರಿಚಯವಾದರು. ಶೀನ ಮೆರವಣಿಗೆಯಲ್ಲಿ ಯಾವಾಗಲೂ ಕೊನೆಯ ಸಾಲಿನಲ್ಲಿ ನಡೆಯುತ್ತಿದ್ದ, ಪೊಲೀಸರು ಬಂದರೆ ಓಡಲು ಸುಲಭ ಅಂತ. ರಾಜೀವಿ ಮುಂದಿನ ಸಾಲಿನಲ್ಲಿರುತ್ತಿದ್ದಳು. ಹಾಗಂತ ಅವಳೇನು ಕ್ರಾಂತಿಕಾರಿ ಅಲ್ಲ. ಮಜ್ಜಿಗೆ ಮುಂದಿನ ಸಾಲಿಗೆ ಮೊದಲು ಸಿಗುತ್ತದೆ ಅನ್ನುವುದು ಅವಳ ತರ್ಕ.

ಹೋಟೆಲಿನ ಹಿತ್ತಿಲಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳು ಕೂಸುಗಳಿಗೆ ಎರೆಯುವವಳಾದದ್ದು ಮಾಲೀಕನ ಸೊಸೆಯ ಹೆರಿಗೆಯಿಂದ. ಪರಸ್ಥಳದಲ್ಲಿ ಬಾಣಂತನಕ್ಕೆ ಕೈ ಪಳಗಿದವರು ಸಿಗುವುದು ಕಷ್ಟ. ರಾಜೀವಿಗೆ ಅತ್ತೆಯಿಂದ ಕಲಿತ ಕೈ ಇತ್ತು. ಗಿಡ್ಡ ಮಣೆಯ ಮೇಲೆ ಕೂತು ಕಾಲು ನೀಡಿ, ಕೂಸನ್ನು ಕಾಲಿನ ಮೇಲೆ ಅಂಗಾತ ಹಾಕಿ, ಆಮೇಲೆ ಬೋರಲು ಹಾಕಿ ತಿಕ್ಕಿ, ಬಿಸಿನೀರು ಸುರಿದು, ಲೋಬಾನದ ಹೊಗೆ ತೋರಿಸಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಕೂಸು ಮಧ್ಯಾಹ್ನದವರೆಗೂ ಏಳುತ್ತಿರಲಿಲ್ಲ. ಆ ನಿದ್ದೆಯೇ ಅವಳ ಸರ್ಟಿಫಿಕೇಟು. ವರ್ಗವಾಗಿ ಬಂದ ಬ್ಯಾಂಕಿನವರು, ಕೇಂದ್ರ ಸರಕಾರದ ನೌಕರರು, ಹೋಟೆಲಿನವರು, ಎಲ್ಲರ ಬಾಯಲ್ಲೂ ಒಂದೇ ಮಾತು: "ರಾಜೀವಿ ಎರೆದರ ಕೂಸಷ್ಟ ಅಲ್ಲ, ಮನಿಮಂದಿನೂ ಮಲಗ್ತಾರ."

ನಿದ್ದೆಗೊಂದು ಕಟ್ಟಳೆಯೂ ಇತ್ತು. ಎರೆದ ಕೂಸನ್ನು ಎಬ್ಬಿಸಬಾರದು. ಕುಕ್ಕರಿನ ಸೀಟಿ ಕೂಗಿಸಬಾರದು, ಫೋನ್ ಬಾರಿಸಬಾರದು, ಬಾಗಿಲು ಬಡಿಯಬಾರದು. ರಾಜೀವಿಯ ಪ್ರಕಾರ ಎಬ್ಬಿಸಿದರೆ ತಿಕ್ಕಿದ್ದೆಲ್ಲ ದಂಡ. ವಿಜಯಪುರದವರಾಗಲಿ, ಉಡುಪಿಯವರಾಗಲಿ, ಇದಕ್ಕೆ ತಕರಾರು ಮಾಡಿದವರನ್ನು ನಾನು ನೋಡಿಲ್ಲ.

ಅವಳು ಒಳ್ಳೆಯವಳು ಅಂತ ಹೇಳಲು ನಾನು ಹೊರಟಿಲ್ಲ. ಬಾಯಿ ಜೋರು. ಯಾರ ಬುದ್ಧಿಮಾತೂ ಹಿಡಿಸುವುದಿಲ್ಲ. ಪ್ರತಿ ಮನೆಯಲ್ಲೂ ತನ್ನ ಚೀಲಕ್ಕೆ ಬೀಗ ಹಾಕುತ್ತಾಳೆ, ಕದಿಯಲು ಅದರಲ್ಲಿ ಎರಡು ಸೀರೆ ಬಿಟ್ಟು ಏನೂ ಇರದಿದ್ದರೂ. ಜೊತೆಗೆ ಒಂದು ಕೆಟ್ಟ ಪದ್ಧತಿ ಇತ್ತು: ಎರೆದಾದ ಮೇಲೆ ಕೂಸಿನ ಎರಡೂ ಕಾಲು ಹಿಡಿದು ಒಂದು ಗಳಿಗೆ ತಲೆಕೆಳಗಾಗಿ ಎತ್ತುವುದು. ಅತ್ತೆ ಕಲಿಸಿದ್ದು, ಉಳುಕು ಇದ್ದರೆ ಬಿಡುತ್ತದಂತೆ. ಬಿಡು ಮಾರಾಯ್ತಿ ಅಂತ ನಾನೂ ಹೇಳಿದ್ದೆ. "ನೀವು ಮೋರ್ಚಾ ನೋಡಿಕೊಳ್ಳಿ ಅಕ್ಕ, ಮಕ್ಕಳನ್ನು ನಾನು ನೋಡಿಕೊಳ್ತೇನೆ" ಅಂದಿದ್ದಳು.

ಕಳೆದ ವರ್ಷ ಸಂಭಾಜಿನಗರದಿಂದ, ಅಂದರೆ ಹಳೆಯ ಔರಂಗಾಬಾದಿನಿಂದ, ಕರೆ ಬಂತು. ಮಧುಕರ ಅಂತ, ವಿಜಯಪುರದ ಕಡೆಯವನು, ಬ್ಯಾಂಕ್ ಅಧಿಕಾರಿ. ಹೆಂಡತಿ ನಿರುಪಮಾಗೆ ತಾಯಿ ಇಲ್ಲ, ಹಾಗಾಗಿ ತವರಿನ ಬಾಣಂತನವಿಲ್ಲ. ಮಧುಕರನ ತಾಯಿ ಭಾನುಮತಿ ಊರಿಂದ ಬಂದಿದ್ದರು, ಆದರೆ ಅವರಿಗೆ ಮಂಡಿನೋವು, ಕೆಳಗೆ ಕೂತು ಎರೆಯಲಾಗದು. ನಾಶಿಕದ ಯಾರೋ ಬ್ಯಾಂಕಿನವರು ರಾಜೀವಿಯ ಹೆಸರು ಹೇಳಿದರು. ಊಟ, ಇರುವುದಕ್ಕೆ ಜಾಗ, ತಿಂಗಳ ಸಂಬಳ. ರಾಜೀವಿ ಚೀಲಕ್ಕೆ ಬೀಗ ಹಾಕಿಕೊಂಡು ಬಸ್ ಹತ್ತಿದಳು.

ಆ ಮನೆಯ ಕಥೆ ಅವಳು ಫೋನಿನಲ್ಲಿ ಹೇಳುತ್ತಿದ್ದಳು. ಸಿಡ್ಕೋ ಬಡಾವಣೆಯಲ್ಲಿ ಮೂರನೇ ಮಹಡಿಯ ಫ್ಲ್ಯಾಟು. ನಳಕ್ಕೆ ವಾರಕ್ಕೊಮ್ಮೆ ನೀರು, ಉಳಿದ ದಿನ ಡ್ರಮ್ಮಿನಿಂದ ಮೊಗೆಯಬೇಕು. ಭಾನುಮತಿ ಬಚ್ಚಲ ಬಾಗಿಲಲ್ಲಿ ನಿಂತು ಚೊಂಬು ಎಣಿಸುತ್ತಿದ್ದರು. ಕೊಬ್ಬರಿ ಎಣ್ಣೆಯ ಬಾಟಲಿಗೆ ಪೆನ್ನಿನಿಂದ ಗೆರೆ ಹಾಕಿದ್ದರು.

"ಆ ಗೆರೆ ನೋಡಿ ನನಗೆ ನಗು ಬಂತು ಅಕ್ಕ. ನಾನು ಎಣ್ಣೆ ಕುಡಿತೇನಾ?"

"ತಲಿಗೆ ಹಚಕೋತಿ ಅಂತ ಇರಬೇಕು," ಅಂದೆ.

"ಹಚ್ಚಿಕೊಳ್ತೇನೆ, ಅದು ಬೇರೆ ವಿಷಯ."

ಅತ್ತೆಗೆ ರಾಜೀವಿಯ ಮೇಲೆ ಅನುಮಾನ. ಸೊಸೆಗೆ ಅತ್ತೆಯ ಮೇಲೆ ಅನುಮಾನ, ತನಗೆ ತಿಳಿಯದ ಹಾಗೆ ಕೂಸಿಗೆ ಏನೋ ಕುಡಿಸುತ್ತಾರೆ ಅಂತ. ಅತ್ತೆಗೆ ಸೊಸೆಯ ಎದೆಹಾಲಿನ ಮೇಲೂ ಅನುಮಾನ. ಕೆಳಗಿನ ಮನೆಯವನಿಗೆ ಇವರು ಬೇಕಂತಲೇ ಕೂಸನ್ನು ಅಳಿಸುತ್ತಾರೆ ಅಂತ ಅನುಮಾನ. ಸಂಜೆಯಾದರೆ ಕೋಲಿನಿಂದ ಮಾಳಿಗೆ ಕುಟ್ಟುತ್ತಿದ್ದ. ತನ್ಮಯ ಅಂತ ಹೆಸರಿಟ್ಟಿದ್ದ ಆ ಕೂಸು ಎರಡನೇ ತಿಂಗಳು ತುಂಬುತ್ತಿದ್ದಂತೆ ವಿಪರೀತ ಅಳತೊಡಗಿತು. ಎತ್ತಿಕೊಂಡರೂ ಅಳು, ಹಾಲು ಕೊಟ್ಟರೂ ಅಳು. ದೃಷ್ಟಿ ಅಂದರು, ಉಳುಕು ಅಂದರು, ಹಾಲು ಸಾಲದು ಅಂದರು. ಭಾನುಮತಿ ಮೆಣಸಿನಕಾಯಿ ನಿವಾಳಿಸಿದರು. ಆ ವಯಸ್ಸಿನ ಕೂಸುಗಳು ಕಾರಣವಿಲ್ಲದೆಯೂ ಹಾಗೆ ಅಳುತ್ತವೆ, ಕೆಲವು ತಿಂಗಳಲ್ಲಿ ತಾನೇ ಇಳಿಯುತ್ತದೆ ಅಂತ ಆ ಮನೆಯಲ್ಲಿ ಯಾರೂ ಹೇಳಲಿಲ್ಲ. ರಾಜೀವಿಗೂ ಅದು ಗೊತ್ತಿರಲಿಲ್ಲ.

"ಆ ಸರ್ ಮಗುವಿನ ಮುಖ ನೋಡುದಿಲ್ಲ ಅಕ್ಕ," ಅಂತ ಒಮ್ಮೆ ಹೇಳಿದಳು. "ಅತ್ತರೆ ಎದ್ದು ಬಾಲ್ಕನಿಗೆ ಹೋಗ್ತಾರೆ. ಮನಸ್ಸಿನೊಳಗೆ ಎಂತದೋ ಉಂಟು ಆ ಮನುಷ್ಯನಿಗೆ."

ಬಾಲ್ಕನಿಗೆ ಹೋಗುತ್ತಿದ್ದಷ್ಟು ದಿನ ಅವನು ಸರಿಯಾದ ಕೆಲಸವನ್ನೇ ಮಾಡುತ್ತಿದ್ದ ಅಂತ ನನಗೆ ತಿಳಿದದ್ದು ಆಮೇಲೆ.

ಮಳೆಗಾಲದ ಒಂದು ಮಧ್ಯಾಹ್ನ ಶೀನ ಹೋಟೆಲಿನ ಬಟ್ಟೆಯಲ್ಲೇ ನನ್ನ ಮನೆಗೆ ಓಡಿಬಂದ. ಕೈಗೆ ಹಿಟ್ಟು ಮೆತ್ತಿತ್ತು.

"ಅಕ್ಕ, ಔರಂಗಾಬಾದ್‌ನಲ್ಲಿ ಮಗು ಐಸಿಯುನಲ್ಲಿ ಉಂಟಂತೆ. ತಲೆಯೊಳಗೆ ರಕ್ತ ಅಂತೆ. ಪೊಲೀಸರು ಬಂದಿದ್ದಾರಂತೆ. ಇವಳನ್ನು ಕೂರಿಸಿದ್ದಾರೆ."

"ಯಾರು ಕೂರಿಸ್ಯಾರ? ಪೊಲೀಸರೋ, ಮನಿಯವರೋ?"

"ಗೊತ್ತಿಲ್ಲ. ಅವಳು ಅಳ್ತಾ ಇದ್ದಾಳೆ. ರಾಜೀವಿ ಅಳುದುಂಟಾ ಅಕ್ಕ?"

ಇಬ್ಬರೂ ಎಸ್.ಟಿ. ಬಸ್ ಹತ್ತಿದೆವು. ದಾರಿಯಲ್ಲಿ ಯೇವಲಾ ದಾಟಿದ ಮೇಲೆ ಶೀನ ಕಿಟಕಿಯ ಕಡೆ ಮುಖ ಮಾಡಿ ಹೇಳಿದ: "ಆ ಸರ್ ನನಗೆ ಫೋನ್ ಮಾಡಿದ್ರು. ಎರೆಯುವಾಗ ಕೈ ಜಾರಿತು ಅಂತ ರಾಜೀವಿ ಡಾಕ್ಟರಿಗೆ ಹೇಳಲಿ ಅಂತ. ಬೇಕಂತ ಮಾಡಿದ್ದಲ್ಲ ಅಂದ್ರೆ ಕೇಸ್ ಆಗುದಿಲ್ಲ, ಸಂಬಳವೂ ಕೊಟ್ಟು ಕಳಿಸ್ತೇವೆ ಅಂತ. ಹೇಳಿಬಿಡ್ಲಿ ಅಲ್ವಾ ಅಕ್ಕ? ಎಣ್ಣೆ ಕೈ. ಜಾರುದಿಲ್ವಾ?"

"ಜಾರಿತ್ತೇನು?"

"ನನಗೆ ಹೇಗೆ ಗೊತ್ತು? ದೊಡ್ಡ ಜನ. ಜಾರಿತು ಅಂದ್ರೆ ಜಾರಿತು."

ಬಡವರೆಲ್ಲ ಸತ್ಯವಂತರು ಅಂತ ನಂಬಿಕೊಂಡು ಬೀದಿಗಿಳಿದವಳಲ್ಲ ನಾನು. ತಲೆಕೆಳಗು ಎತ್ತುವ ಆ ಕೈಗಳು ಕಣ್ಣ ಮುಂದೆ ಬರುತ್ತಿದ್ದವು. ಹಾಗೆಯೇ, ಪೊಲೀಸರ ವಿಚಾರಣೆ ಮುಗಿಯುವ ಮೊದಲೇ ಕೆಲಸದವಳ ಗಂಡನಿಗೆ ಫೋನ್ ಮಾಡಿ ಮಾತು ಕಲಿಸಿಕೊಡುವವನ ಮೇಲೂ ನನಗೆ ಗುಮಾನಿ ಏಳುತ್ತಿತ್ತು. ಮಗ ಐಸಿಯುನಲ್ಲಿರುವ ಅಪ್ಪನಿಗೆ ಇಷ್ಟು ಲೆಕ್ಕಾಚಾರ ಹೊಳೆಯುವುದು ಹೇಗೆ?

ಖಾಸಗಿ ಆಸ್ಪತ್ರೆ. ಎರಡನೇ ಮಹಡಿಯ ಓಣಿಯಂತಹ ಜಾಗದಲ್ಲಿ ಭಾನುಮತಿ ಬೆಂಚಿನ ಮೇಲಿದ್ದರು, ಪಕ್ಕದಲ್ಲಿ ಮಧುಕರ ನಿಂತಿದ್ದ, ಇಸ್ತ್ರಿ ಮಾಡಿದ ಅಂಗಿ ಇನ್ನೂ ಮುದುಡಿರಲಿಲ್ಲ. ನಿರುಪಮಾ ಗೋಡೆಗೆ ತಲೆ ಕೊಟ್ಟು ಕೂತಿದ್ದಳು, ರವಿಕೆಯೆಲ್ಲ ಹಾಲಿನಿಂದ ಒದ್ದೆ. ರಾಜೀವಿ ದೂರದಲ್ಲಿ ಮೆಟ್ಟಿಲ ಮೇಲೆ. ನಮ್ಮನ್ನು ಕಂಡದ್ದೇ ಭಾನುಮತಿ ಎದ್ದರು.

"ಬಂದ್ರೇನ್ರಿ ಆಕಿ ಕಡೆಯವ್ರು? ನೋಡ್ರಿ ನಿಮ್ಮಾಕಿ ಮಾಡಿದ್ದು! ಹೂವಿನಂಥಾ ಕೂಸಿನ್ನ ಕೋಳಿ ಹಿಡಿದಂಗ ಕಾಲು ಹಿಡದು ಜೋತಾಡಸ್ತಿದ್ಲು. ನಮ್ಮ ನಿರುಪಮಾನ ಫೋನಿನ್ಯಾಗ ಫಿಲಂ ಐತಿ. ಪೊಲೀಸರಿಗೆ ತೋರಿಸೇವಿ!"

"ಆ ಫಿಲಂ ತಗದಾಗ ಯಾರು ನಗತಿದ್ರು ಅದರಾಗ?" ಅಂತ ಕೇಳಿದೆ. ನನಗೆ ಗೊತ್ತಿರಲಿಲ್ಲ, ಸುಮ್ಮನೆ ಕಲ್ಲು ಹೊಡೆದೆ.

ಭಾನುಮತಿ ಕೂತರು. ನಿರುಪಮಾ ಕಣ್ಣು ತೆರೆಯದೆ ಹೇಳಿದಳು: "ಅತ್ತೀನೇ ನಗತಿದ್ರು."

ಮಧುಕರ ನನ್ನನ್ನು ಪಕ್ಕಕ್ಕೆ ಕರೆದ. "ನೋಡ್ರಿ ಮೇಡಂ, ನಾವು ಆಕಿಗೆ ಕೆಟ್ಟದ್ದು ಬಯಸಂಗಿಲ್ಲ. ಅಚಾನಕ್ ಆಗಿದ್ದು ಅಂತ ಆಕಿ ಒಂದು ಮಾತು ಹೇಳಿದ್ರ ಎಲ್ಲಾರಿಗೂ ಛಲೋ."

"ಹೇಳದಿದ್ರ?"

"ಹೇಳದಿದ್ರ... ಮನಿಯಾಗ ಹೊರಗಿನಾಕಿ ಅಂದ್ರ ಆಕಿ ಒಬ್ಬಾಕೀನ ಅಲ್ಲೇನ್ರಿ?"

ಮೆಟ್ಟಿಲ ಮೇಲೆ ರಾಜೀವಿಯ ಪಕ್ಕ ಕೂತೆ. ಅವಳ ಕೈಗೆ ಇನ್ನೂ ಎಣ್ಣೆಯ ವಾಸನೆ ಇತ್ತು. ಶೀನ ಎರಡು ಮೆಟ್ಟಿಲು ಕೆಳಗೆ ನಿಂತ.

"ಖರೇ ಹೇಳು. ಬಿತ್ತೇನು ಕೈಯಾಗಿಂದ?"

"ಇಲ್ಲ ಅಕ್ಕ. ಬಿದ್ರೆ ನನಗೆ ಗೊತ್ತಾಗುದಿಲ್ವಾ? ಆದ್ರೆ ತಲೆಕೆಳಗೆ ಹಿಡಿದದ್ದು ಉಂಟಲ್ಲ..." ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಇದರಿಂದಲೇ ಆಗಿರಬೇಕು. ನಿನ್ನೆಯಿಂದ ಅದನ್ನೇ ಯೋಚನೆ ಮಾಡ್ತಾ ಇದ್ದೇನೆ. ನನ್ನ ಅತ್ತೆ ಎಷ್ಟು ಮಕ್ಕಳನ್ನು ಹಾಗೆ ಹಿಡಿದಿದ್ದಾರೆ, ಅವರಿಗೆಲ್ಲ ಎಂತ ಆಗಿತ್ತೋ, ಯಾರು ನೋಡಿದ್ರು?"

"ಜಾರಿತು ಅಂತ ಹೇಳು ಮಾರಾಯ್ತಿ," ಶೀನ ಕೆಳಗಿನಿಂದ ಅಂದ. "ಹೇಳು, ನಾಳೆ ಬೆಳಿಗ್ಗೆಗೆ ನಾಶಿಕದಲ್ಲಿ ಇರುವ."

"ನೀವು ಸುಮ್ಮನಿರಿ. ನಿಮ್ಮ ದೋಸೆ ಹರಿದ್ರೆ ಕಾವಲಿ ಸರಿ ಇಲ್ಲ ಅಂತೀರಿ. ನನಗೆ ಮಾತ್ರ ಜಾರಿತು ಅಂತ ಹೇಳಬೇಕಾ?"

ಆದರೂ ಅವಳು ಹೇಳಿಬಿಡುತ್ತಾಳೆ ಅಂತಲೇ ನನಗೆ ಅನಿಸಿತು. ಹೆದರಿದ ಮನುಷ್ಯರು ಮಾಡದ ತಪ್ಪನ್ನು ಒಪ್ಪಿಕೊಳ್ಳುವುದನ್ನು ಪೊಲೀಸ್ ಠಾಣೆಯ ಬೆಂಚುಗಳ ಮೇಲೆ ಬೇಕಾದಷ್ಟು ನೋಡಿದ್ದೇನೆ.

ಮಕ್ಕಳ ಡಾಕ್ಟರು ಮರಾಠಿ ಹೆಂಗಸು, ಮಾತು ಕಮ್ಮಿ. ಒಬ್ಬೊಬ್ಬರನ್ನೇ ಒಳಗೆ ಕರೆದು ಕೇಳುತ್ತಿದ್ದರು. ರಾಜೀವಿಯ ಸರದಿ ಬಂದಾಗ ಅಕ್ಕನೂ ಬರಲಿ ಅಂದಳು, ಡಾಕ್ಟರು ಬೇಡ ಅನ್ನಲಿಲ್ಲ. ಮೊದಲು ಅವರೇ ಹೇಳಿದರು. ಕೂಸಿನ ಮೆದುಳಿನ ಸುತ್ತ ರಕ್ತ ನಿಂತಿದೆ. ಎರಡೂ ಕಣ್ಣಿನ ಒಳಪರದೆಯಲ್ಲಿ ರಕ್ತದ ಚುಕ್ಕೆಗಳಿವೆ. ಮೈಮೇಲೆ ಒಂದು ಗೀರಿಲ್ಲ, ತಲೆಗೆ ಗುದ್ದಿದ ಗುರುತಿಲ್ಲ. ಕೈಯಿಂದ ಜಾರಿ ಬಿದ್ದರೆ ಈ ರೀತಿ ಆಗುವುದಿಲ್ಲ. ತೊಟ್ಟಿಲು ತೂಗಿದರೆ ಆಗುವುದಿಲ್ಲ, ಎಣ್ಣೆ ತಿಕ್ಕಿದರೂ ಆಗುವುದಿಲ್ಲ. ಯಾರೋ ಕೂಸಿನ ಎದೆಯನ್ನು ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಕೊಡವಿದ ಹಾಗೆ ಜೋರಾಗಿ ಝಾಡಿಸಿದ್ದಾರೆ. ಕೂಸಿನ ತಲೆ ಮೈಗೆ ಹೋಲಿಸಿದರೆ ಬಲು ಭಾರ, ಕತ್ತಿಗೆ ಕಸುವಿಲ್ಲ. ಝಾಡಿಸಿದಾಗ ತಲೆ ಹಿಂದೆ ಮುಂದೆ ಬಡಿಯುತ್ತದೆ, ಬುರುಡೆಯೊಳಗೆ ಮೆದುಳು ಅಲ್ಲಾಡಿ ಸುತ್ತಲಿನ ರಕ್ತನಾಳಗಳು ಹರಿಯುತ್ತವೆ. ಕೆಲವೇ ಗಳಿಗೆಯ ಕೆಲಸ.

ತಲೆಕೆಳಗೆ ಹಿಡಿಯುವ ಆ ಫಿಲಮನ್ನೂ ಅವರು ನೋಡಿದ್ದರು. "ಅದು ಹಳೆಯದು, ಕೂಸು ಅದರಲ್ಲಿ ಚೆನ್ನಾಗಿಯೇ ಕಿರುಚುತ್ತಿದೆ. ಈ ಗಾಯ ಅದರಿಂದ ಆದದ್ದಲ್ಲ. ಆದರೆ ನೋಡಿ ಅಮ್ಮ, ಆ ಪದ್ಧತಿ ಇವತ್ತೇ ಬಿಡಿ. ಇನ್ನು ಬಿಡದಿದ್ದರೆ ನಾನೇ ನಿಮ್ಮ ಮೇಲೆ ಪೊಲೀಸರಿಗೆ ಬರೆಯುತ್ತೇನೆ."

ಆಮೇಲೆ ನೇರ ಕೇಳಿದರು: ನಿನ್ನೆ ಎರೆಯುವಾಗ ಏನಾಯಿತು?

ರಾಜೀವಿ "ಕೈ..." ಅಂದಳು. ನಿಂತಳು. ಬಾಗಿಲ ಗಾಜಿನ ಆಚೆ ಮಧುಕರನ ಇಸ್ತ್ರಿ ಅಂಗಿ ಕಾಣುತ್ತಿತ್ತು. ಅವಳು ಅದನ್ನು ನೋಡಿದಳು. ಮುಖಕ್ಕೆ ಸೊಕ್ಕು ವಾಪಸ್ ಬಂತು.

"ಕೈ ಜಾರ್ಲಿಲ್ಲ," ಅಂತ ಕನ್ನಡದಲ್ಲಿ ನನಗೆ ಹೇಳಿ, ಅದನ್ನೇ ಮರಾಠಿಯಲ್ಲಿ ಡಾಕ್ಟರಿಗೆ ಹೇಳಿ, ಮತ್ತೆ ನನ್ನ ಕಡೆ ತಿರುಗಿದಳು. "ನನ್ನ ಕೈಯಿಂದ ಇವತ್ತಿನವರೆಗೆ ಒಂದು ಚೊಂಬೂ ಜಾರ್ಲಿಲ್ಲ ಅಂತ ಹೇಳಿ ಅಕ್ಕ ಇವರಿಗೆ."

"ಕೂಸು ಹೇಗಿತ್ತು?"

"ಚೆನ್ನಾಗಿತ್ತು ಮ್ಯಾಡಮ್. ರಡ್ಲಾಚ್ ನಾಹೀ. ಅಳಲೇ ಇಲ್ಲ."

ಡಾಕ್ಟರ ಪೆನ್ನು ನಿಂತಿತು. ದಿನಾ ಅಳುತ್ತಿತ್ತೇ?

ನೀರು ಬಿದ್ದರೆ ಕೆಳಗಿನ ಮನೆಯವನು ಮೇಲೆ ಬರುವ ಹಾಗೆ ಅಳುತ್ತಿತ್ತು ಅಂದಳು ರಾಜೀವಿ. ನಿನ್ನೆ ಮಾತ್ರ ಬಿಸಿನೀರು ತಲೆಯ ಮೇಲೆ ಬಿದ್ದರೂ ತುಟಿ ಅಲ್ಲಾಡಿಸಲಿಲ್ಲ. ಕೈಕಾಲು ಹಿಟ್ಟಿನ ಹಾಗೆ ಮೆತ್ತಗಿದ್ದವು. ಭಾನುಮತಿ ಬಾಗಿಲಲ್ಲಿ ನಿಂತು "ನಮ್ಮ ಕೂಸು ಶಾಣ್ಯಾ ಆತು ನೋಡ್ರಿ" ಅಂದಿದ್ದರು. ರಾಜೀವಿಗೂ ಹೆಮ್ಮೆಯಾಗಿತ್ತು. ಕೊನೆಗೂ ತನ್ನ ಕೈಗೆ ಪಳಗಿತು ಅಂದುಕೊಂಡಿದ್ದಳು. ಸುತ್ತಿ ಮಲಗಿಸಿದಳು. ಕೂಸು ಮಲಗಿತು. ಹಾಲಿನ ಹೊತ್ತು ಮೀರಿದಾಗ ನಿರುಪಮಾ ಎಬ್ಬಿಸಲು ಹೋದರೆ ಅತ್ತೆ "ಎರೆದ ಕೂಸು, ಎಬ್ಬಸಬ್ಯಾಡ" ಅಂದರು. ರಾಜೀವಿಯೂ "ಮಲಗ್ಲಿ ಅಮ್ಮ, ಒಳ್ಳೆ ನಿದ್ದೆ" ಅಂದಳು. ಮನೆಯಲ್ಲಿ ಕುಕ್ಕರ್ ಇಳಿಸಿದರು, ಫೋನಿನ ಬಾಯಿ ಮುಚ್ಚಿದರು, ಮೂವರು ಹೆಂಗಸರು ತುದಿಗಾಲಲ್ಲಿ ಓಡಾಡಿದರು. ಇಳಿಮಧ್ಯಾಹ್ನ ಕೂಸಿನ ಒಂದು ಕೈ ತಾನಾಗಿ ಅದುರತೊಡಗಿದಾಗಲೇ ಅದು ನಿದ್ದೆ ಅಲ್ಲ ಅಂತ ಗೊತ್ತಾದದ್ದು.

ಡಾಕ್ಟರು ಬೆರಳು ಮಡಚಿ ಎಣಿಸಿದರು. ನೀರು ಬಿದ್ದರೂ ಅಳದ ಕೂಸು, ಮೆತ್ತಗಾದ ಕೂಸು, ಹಾಲಿಗೆ ಬಾಯಿ ಹಾಕದ ಕೂಸು, ಎಬ್ಬಿಸಿದರೂ ಏಳದ ಕೂಸು, ಸುಮ್ಮನೆ ವಾಂತಿ ಮಾಡುವ ಕೂಸು, ನೆತ್ತಿ ಉಬ್ಬಿದ ಕೂಸು, ಇವು ಆ ಕ್ಷಣ ಆಸ್ಪತ್ರೆಗೆ ಬರಬೇಕಾದ ಕೂಸುಗಳು ಅಂದರು. "ನೀವು ನಿದ್ದೆ ಅಂದಿರಿ. ಅರ್ಧ ದಿನ ಹೋಯಿತು."

ರಾಜೀವಿ ತಲೆ ತಗ್ಗಿಸಿದಳು. ಆ ತಪ್ಪು ಅವಳದ್ದೂ ಹೌದು. ಯಾರೂ ಅವಳಿಂದ ಅದನ್ನು ತೆಗೆಯಲಾರರು.

"ಅಂದರೆ ನಿಮ್ಮ ಕೈಗೆ ಬರುವ ಮೊದಲೇ ಆಗಿತ್ತು. ಕೂಸು ಯಾರ ಹತ್ತಿರವಿತ್ತು?"

ರಾಜೀವಿ ಬಚ್ಚಲಲ್ಲಿ ನೀರು ಹದ ಮಾಡುತ್ತಿದ್ದಳು. ನಿರುಪಮಾ ರಾತ್ರಿಯೆಲ್ಲ ಎಚ್ಚರವಿದ್ದು ಕೋಣೆಯಲ್ಲಿ ಮಲಗಿದ್ದಳು. ಭಾನುಮತಿ ಕೆಳಗೆ ತರಕಾರಿ ಗಾಡಿಗೆ ಹೋಗಿದ್ದರು. ಕೂಸು ಹಾಲ್‌ನಲ್ಲಿ, ಬ್ಯಾಂಕಿಗೆ ಹೊರಟ ಅಪ್ಪನ ಹತ್ತಿರ.

"ಜೋರು ಅಳ್ತಾ ಇತ್ತು ಮ್ಯಾಡಮ್. ಆಮೇಲೆ ನಿಂತಿತು. ಒಮ್ಮೆಗೇ." ರಾಜೀವಿ ನನ್ನ ಕಡೆ ತಿರುಗಿದಳು. "ಅಕ್ಕ, ಮಕ್ಕಳ ಅಳು ಹಾಗೆ ನಿಲ್ಲುದಿಲ್ಲ ಅಲ್ವಾ? ಬಿಕ್ಕಿ ಬಿಕ್ಕಿ ಕಮ್ಮಿ ಆಗ್ತದೆ. ಇದು ಬಾಗಿಲು ಹಾಕಿದ ಹಾಗೆ ನಿಂತಿತು. ಸರ್ ಅಂತೂ ಸಮಾಧಾನ ಮಾಡ್ಲಿಕ್ಕೆ ಕಲಿತ್ರು ಅಂದುಕೊಂಡೆ ನಾನು."

ಡಾಕ್ಟರು ನಿರುಪಮಾಳನ್ನು ಕರೆದರು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಹೊರಬಂದವಳು ನೇರ ಗಂಡನ ಮುಂದೆ ಹೋಗಿ ನಿಂತಳು. ಓಣಿಯಲ್ಲಿ ನಾವೆಲ್ಲ ಇದ್ದೆವು, ತುದಿಯಲ್ಲಿ ಪೊಲೀಸನೊಬ್ಬ ಚಹಾ ಕುಡಿಯುತ್ತಿದ್ದ.

"ನಿನ್ನಿ ಮುಂಜಾನೆ ಅವನ್ನ ಹೆಂಗ ಸುಮ್ಮನ ಮಾಡಿದ್ರಿ?"

"ಆಡಿಸಿದೆ."

"ಹೆಂಗ ಆಡಿಸಿದ್ರಿ?"

"ಏನ್ ಪ್ರಶ್ನಿ ಇದು ನಿರುಪಮಾ? ಎತ್ತಿಕೊಂಡು ಹಿಂಗ..."

ಅವನ ಎರಡೂ ಕೈ ಮೇಲಕ್ಕೆದ್ದವು. ನಡುವೆ ಒಂದು ಕೂಸಿನ ಎದೆ ಹಿಡಿಸುವಷ್ಟು ಜಾಗ. ಕೈಗಳು ಮುಂದಕ್ಕೆ ಹೋದವು, ಹಿಂದಕ್ಕೆ ಬಂದವು, ಮತ್ತೆ ಮುಂದಕ್ಕೆ ಹೋದವು. ಆಡಿಸುವ ಕೈ ಹಾಗಿರುವುದಿಲ್ಲ. ಅವನಿಗೇ ಅದು ಕಂಡಿತು. ಕೈಗಳು ಗಾಳಿಯಲ್ಲೇ ನಿಂತವು.

ಭಾನುಮತಿ ಎದ್ದು ಮಗನ ಎರಡೂ ಕೈ ಹಿಡಿದು ಕೆಳಗೆ ಎಳೆದರು. "ನನ್ನ ಮಗಾ ಒಂದ್ ನೊಣಾನೂ ಹೊಡಿಯಂಗಿಲ್ಲ," ಅಂದರು. ಯಾರನ್ನೂ ನೋಡಿ ಹೇಳಲಿಲ್ಲ, ನೆಲ ನೋಡಿ ಹೇಳಿದರು.

"ಎರಡ ಸಲ," ಅಂದ ಮಧುಕರ. "ಎರಡ ಸಲ ಅಷ್ಟ. ಹೊಡದಿಲ್ಲ ನಾ. ಸಿಟ್ಟು ಬಂದಿತ್ತು. ಸುಮ್ಮನಾತು. ಸುಮ್ಮನಾತಲ್ಲ ಅಂತ ಮಲಗಿಸಿ ಹೋದೆ."

ಸುಮ್ಮನಾಗುತ್ತದೆ. ಅದೇ ಇದರಲ್ಲಿರುವ ಮೋಸ. ಮೆದುಳಿಗೆ ಪೆಟ್ಟಾದ ಕೂಸು ಅಳುವುದನ್ನು ನಿಲ್ಲಿಸುತ್ತದೆ, ಝಾಡಿಸಿದವನಿಗೆ ಇದೇ ಉಪಾಯ ಅನಿಸುತ್ತದೆ, ಮುಂದಿನ ಸಲವೂ ಕೈ ಅಲ್ಲಿಗೇ ಹೋಗುತ್ತದೆ. ಸ್ಕ್ಯಾನಿನಲ್ಲಿ ಹಳೆಯ ರಕ್ತದ ಗುರುತೂ ಇರುವಂತಿದೆ ಅಂತ ಡಾಕ್ಟರು ಆಮೇಲೆ ಹೇಳಿದರು. ಮಧುಕರ ಪೊಲೀಸರಿಗೆ ಒಂದೇ ದಿನ ಅಂತ ಬರೆಸಿದ್ದಾನೆ. ನಾನು ನಂಬಿಲ್ಲ.

ಅವನು ರಾಕ್ಷಸ ಅಂತ ಹೇಳಿದರೆ ನಿಮಗೆ ಸಮಾಧಾನವಾಗುತ್ತದೆ, ನಿಮ್ಮ ಮನೆಯಲ್ಲಿ ರಾಕ್ಷಸರಿಲ್ಲವಲ್ಲ. ಅದಕ್ಕೇ ಹೇಳುವುದಿಲ್ಲ. ನಿದ್ದೆಗೆಟ್ಟವನು. ಬ್ಯಾಂಕಿನಲ್ಲಿ ಮೇಲಿನವನಿಂದ ಬೈಸಿಕೊಂಡವನು, ಮನೆಯಲ್ಲಿ ಕೆಳಗಿನವನಿಂದ ಕೋಲಿನಲ್ಲಿ ಕುಟ್ಟಿಸಿಕೊಂಡವನು. ಆ ದಿನ ಬಾಲ್ಕನಿಗೆ ಹೋಗಲಿಲ್ಲ, ಅಷ್ಟೇ. ಇದರಿಂದ ಅವನ ತಪ್ಪು ಒಂದು ತೊಲವೂ ಕಮ್ಮಿಯಾಗುವುದಿಲ್ಲ. ತನ್ನ ತಪ್ಪನ್ನು ಎಣ್ಣೆಗೈಯವಳ ತಲೆಗೆ ಸವರಲು ನೋಡಿದ್ದಂತೂ ಸಿಟ್ಟಲ್ಲಿ ಮಾಡಿದ್ದಲ್ಲ, ತಣ್ಣಗೆ ಕೂತು ಮಾಡಿದ್ದು.

ತನ್ಮಯ ಉಳಿದ. ಒಂದು ಕಣ್ಣು ಬೆಳಕನ್ನು ಹಿಂಬಾಲಿಸುವುದಿಲ್ಲ, ಫಿಟ್ಸಿಗೆ ಔಷಧಿ ನಡೆದಿದೆ, ಮುಂದೆ ನಡೆದಾನೋ ಮಾತಾಡಿಯಾನೋ ಈಗಲೇ ಹೇಳಲಾಗದು ಅನ್ನುತ್ತಾರೆ. ನಿರುಪಮಾ ಅವನನ್ನು ಎತ್ತಿಕೊಂಡು ಕಲಬುರಗಿಯ ಅಣ್ಣನ ಮನೆಗೆ ಹೋಗಿದ್ದಾಳೆ. ಕೇಸು ನಡೆಯುತ್ತಿದೆ, ರಾಜೀವಿ ಅದರಲ್ಲಿ ಆರೋಪಿ ಅಲ್ಲ, ಸಾಕ್ಷಿ.

ಪೊಲೀಸರು ಬಿಟ್ಟರೂ ಜನ ಬಿಡಲಿಲ್ಲ. ನಾಶಿಕದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ "ಎರೆಯುವವಳ ಕೇಸ್" ಅಂತಲೇ ಸುದ್ದಿ ಹರಿದಾಡಿತು. ಅಪ್ಪನ ಹೆಸರು ಯಾರೂ ಬರೆಯಲಿಲ್ಲ. ಗೊತ್ತಿರುವವರೂ ಬರೆಯಲಿಲ್ಲ, ನಮ್ಮ ಮಂದಿ, ನೌಕರಿಯ ಪ್ರಶ್ನೆ ಅಂತ. ಮಾತು ಕೊಟ್ಟಿದ್ದ ಮನೆಗಳು ಫೋನ್ ಎತ್ತುವುದನ್ನು ಬಿಟ್ಟವು. ರಾಜೀವಿ ಮತ್ತೆ ಹೋಟೆಲಿನ ಹಿತ್ತಿಲಿಗೆ ಹೋದಳು, ಲಾಸಲಗಾಂವದ ಈರುಳ್ಳಿ ಗುಡ್ಡೆಯ ಮುಂದೆ ಕೂತಳು. "ಈಗ ಅತ್ರೂ ಯಾರೂ ಕೇಳುದಿಲ್ಲ ಅಕ್ಕ, ಈರುಳ್ಳಿ ಅಂತ ಹೇಳ್ಲಿಕ್ಕಾಗ್ತದೆ," ಅಂದಳು ಒಮ್ಮೆ. ಆಮೇಲೆ ತಾನೇ ನಕ್ಕಳು.

ಈ ಚಳಿಗಾಲದಲ್ಲಿ ಒಬ್ಬ ಕರೆದ. ರಾಕೇಶ ಅಂತ, ಕುಂದಾಪುರದ ಕಡೆಯ ಹುಡುಗ, ಇಗತಪುರಿ ಸ್ಟೇಷನ್ನಿನ ಹತ್ತಿರ ಸಣ್ಣ ಟಿಫಿನ್ ಹೋಟೆಲ್ ಇಟ್ಟಿದ್ದಾನೆ. ಹೆಣ್ಣು ಕೂಸು. ಅವನಿಗೂ ಸುದ್ದಿ ಗೊತ್ತಿತ್ತು, ಬೇರೆ ಯಾರೂ ಸಿಗದೆ ಕರೆದಿದ್ದ. ನಾನೂ ಜೊತೆಗೆ ಹೋದೆ. ರಾಜೀವಿಯ ಮೇಲೆ ಕಣ್ಣಿಡಲು ಅಂತ ಅವನು ಅಂದುಕೊಂಡಿರಬೇಕು. ಅದೂ ಒಂದಿಷ್ಟು ನಿಜವೇ.

ಎರೆದಳು. ತಲೆಕೆಳಗೆ ಎತ್ತಲಿಲ್ಲ. ಕೂಸು ಸ್ಟೇಷನ್ನಿನವರೆಗೆ ಕೇಳುವ ಹಾಗೆ ಅತ್ತಿತು, ರಾಜೀವಿಯ ಮುಖ ಅರಳಿತು. ಹಾಲು ಎಳೆದು ಕುಡಿಯುವುದನ್ನು ಪಕ್ಕದಲ್ಲೇ ಕೂತು ನೋಡಿದಳು, ಆಮೇಲೆ ಮಲಗಿಸಿದಳು. ಕುಕ್ಕರ್ ಇಳಿಸಲು ಹೋದ ರಾಕೇಶನ ಹೆಂಡತಿಗೆ "ಇರ್ಲಿ, ಕೂಗ್ಲಿ, ಏಳುವ ಮಗು ಏಳ್ಲಿ" ಅಂದಳು.

ಹೊರಡುವಾಗ ರಾಕೇಶನನ್ನು ಎದುರಿಗೆ ಕೂರಿಸಿಕೊಂಡಳು.

"ಇನ್ನು ಒಂದು ತಿಂಗಳಲ್ಲಿ ಇದು ಸಂಜೆ ಸಂಜೆ ಹುಚ್ಚು ಹಿಡಿದ ಹಾಗೆ ಅಳ್ತದೆ. ಆಗ ಎಂತ ಮಾಡ್ತಿ?"

"ಇವಳಿಗೆ ಕೊಡ್ತೇನೆ."

"ಅವಳು ಮಲಗಿದ್ರೆ?"

"ಎಬ್ಬಿಸ್ತೇನೆ." ನಕ್ಕ. "ಇಲ್ಲಾಂದ್ರೆ ನಿಮಗೆ ಫೋನ್ ಮಾಡ್ತೇನೆ ರಾಜೀವಕ್ಕ."

"ನಾನು ನಾಶಿಕದಲ್ಲಿ. ಟ್ರೈನ್ ಇಲ್ಲ. ಹೋಟೆಲಿನಲ್ಲಿ ಗಿರಾಕಿ ನಿಂತಿದ್ದಾರೆ. ಇದು ಕಿವಿಯ ಹತ್ತಿರ ಕಿರುಚ್ತಾ ಉಂಟು. ನಿನಗೆ ಸಿಟ್ಟು ನೆತ್ತಿಗೆ ಏರಿದೆ. ಈಗ ಹ್ಯಾಗೆ?"

"ನನಗೆ ಸಿಟ್ಟು ಬರುದಿಲ್ಲ ಮಾರಾಯ್ರೆ."

"ಬರ್ತದೆ," ಅಂದಳು ರಾಜೀವಿ.

ರಾಕೇಶ ಹೆಂಡತಿಯ ಮುಖ ನೋಡಿದ, ಹೆಂಡತಿ ಅವನ ಮುಖ ನೋಡಿದಳು. ಅವರಿಗೆ ಇದನ್ನು ಯಾರೂ ಕೇಳಿರಲಿಲ್ಲ.

ನಿಮ್ಮನ್ನೂ ಯಾರೂ ಕೇಳಿರಲಿಕ್ಕಿಲ್ಲ. ನಾನು ಕೇಳುತ್ತಿದ್ದೇನೆ. ಓದಿ ಮಡಚಿಟ್ಟು ಅಯ್ಯೋ ಪಾಪ ಅನ್ನಬೇಡಿ, ನಿಮ್ಮ ಪಾಪ ಯಾರಿಗೂ ಬೇಕಾಗಿಲ್ಲ. ಮನೆಯಲ್ಲಿ ಕೂಸಿದ್ದರೆ, ಬರುವುದಿದ್ದರೆ, ಗಂಡ, ಹೆಂಡತಿ, ಅತ್ತೆ, ಮೈದುನ, ಕೆಲಸದವರು, ಅದನ್ನು ಎತ್ತಿಕೊಳ್ಳುವ ಪ್ರತಿಯೊಬ್ಬರನ್ನೂ ಇವತ್ತೇ ಕೂರಿಸಿ ಬಾಯಿಬಿಟ್ಟು ಹೇಳಿ: ಕೂಸನ್ನು ಝಾಡಿಸಬಾರದು, ಸಿಟ್ಟಿನಲ್ಲಿ ಒಂದು ಸಲವೂ. ಕೈಯಲ್ಲಿ ಸಿಟ್ಟು ಬಂತು ಅಂದರೆ ಕೂಸನ್ನು ಅಂಗಾತ ಮಲಗಿಸಿ ಬಾಗಿಲಾಚೆ ಹೋಗಿ, ಉಸಿರು ಇಳಿದ ಮೇಲೆ ಬನ್ನಿ. ಅಷ್ಟು ಹೊತ್ತು ಅದು ಅತ್ತರೆ ಅಳಲಿ. ಜ್ವರ, ವಾಂತಿ ಇದ್ದರೆ, ಮೈ ಮೆತ್ತಗಾಗಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಆಸ್ಪತ್ರೆಗೆ ಓಡಿ. ಏನಾಯಿತು ಅಂತ ಡಾಕ್ಟರಿಗೆ ನಿಜ ಹೇಳಿ. ಇನ್ನೊಂದು: ನೀವು ಬಾಗಿಲಾಚೆ ನಿಂತಾಗ, ಎಷ್ಟು ಹೊತ್ತಿಗಾದರೂ ಸರಿ, ಫೋನ್ ಮಾಡಿದರೆ ಓಡಿಬಂದು ಕೂಸನ್ನು ಎತ್ತಿಕೊಳ್ಳುವ ಒಬ್ಬ ಮನುಷ್ಯ ಬೇಕು. ಯಾರು ಆ ಮನುಷ್ಯ? ನೋಡೋಣ, ಆಗಲಿ ಅನ್ನಬೇಡಿ. ಹೆಸರು ಹೇಳಿ.